ಬಾಂಬೆ ಹೈ ತೈಲಕ್ಷೇತ್ರದ ಶೋಧ: ಕಡಲ ಸಮೀಕ್ಷೆಯೊಂದರ ಕಾಲವಿಚಾರ

ಅರಬ್ಬೀ ಸಮುದ್ರದಲ್ಲಿ ಮುಂಬಯಿ ನಗರಕ್ಕೆ ಸುಮಾರು ೧೬೦ ಕಿಲೋಮೀಟರು ದೂರದಲ್ಲಿರುವ ಬಾಂಬೆ ಹೈ ತೈಲಕ್ಷೇತ್ರವು ೧೯೭೪ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಶೋಧಿಸಲ್ಪಟ್ಟಿತೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪಿ ನಡೆದಿರುವ ಮಾತು. ‘ಸಾಗರ್ ಸಮ್ರಾಟ್’ ಎಂಬ ಕೊರೆಯುವ ನೌಕೆಯು ಆ ತಿಂಗಳಿನಲ್ಲಿ ಅಲ್ಲಿಯ ಮೊದಲನೆಯ ಬಾವಿಯಲ್ಲಿ ಎಣ್ಣೆಯನ್ನು ಕಂಡಿತು. ವೃತ್ತಪತ್ರಿಕೆಗಳು ಅದನ್ನು ದೊಡ್ಡಕ್ಷರಗಳಲ್ಲಿ ಸಾರಿದುವು. ಈ ತೇದಿಯು ಸುಳ್ಳೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅದು ಯಾವ ಕಾರ್ಯದ ತೇದಿ ಎಂಬುದನ್ನು ಇತಿಹಾಸಜ್ಞರು ಕೇಳಿಕೊಳ್ಳಬೇಕಾಗಿದೆ. ಬಾವಿಯನ್ನು ಎಲ್ಲಿ ತೋಡಬೇಕೆಂಬುದು ಬಾವಿ ತೋಡುವುದಕ್ಕೆ ಮುಂಚೆಯೇ ತಿಳಿದಿತ್ತು. ಹೀಗೆ ತಿಳಿದುದು, ಸೋವಿಯತ್ ಒಕ್ಕೂಟದ ‘ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ’ ಎಂಬ ಸಮೀಕ್ಷಾ ನೌಕೆಯಲ್ಲಿ ರಷ್ಯನ್ ಮತ್ತು ಭಾರತೀಯ ವಿಜ್ಞಾನಿಗಳು ಕೂಡಿ ೧೯೬೪ರಿಂದ ೧೯೬೭ರವರೆಗೆ ಖಂಭಾತ್ ಕೊಲ್ಲಿಯಲ್ಲಿಯೂ ಅದರ ಹೊರಗಣ ಸಮುದ್ರದಲ್ಲಿಯೂ ನಡೆಸಿದ ಕಂಪನ ಸಮೀಕ್ಷೆಯಿಂದ. ಪ್ರಸ್ತುತ ಲೇಖನದಲ್ಲಿ ಆ ಸಮೀಕ್ಷೆಯ ಹಿನ್ನೆಲೆ, ಅದನ್ನು ನಡೆಸುವುದರಲ್ಲಿದ್ದ ಕಷ್ಟಗಳು, ಮತ್ತು ಅದು ಭೂಪಟದಲ್ಲಿ ತೋರಿಸಿದುದಕ್ಕೂ ಬಾವಿಯಲ್ಲಿ ಎಣ್ಣೆ ದೊರೆತುದಕ್ಕೂ ನಡುವೆ ಕಳೆದ ಸುಮಾರು ಒಂಬತ್ತು ವರ್ಷಗಳ ಅರ್ಥ, ಇವನ್ನು ವಿವೇಚಿಸಲು ಯತ್ನಿಸಿದ್ದೇವೆ.

ಮೊದಲಿಗೆ ಹೆಸರಿನ ವಿಚಾರವಾಗಿ ಒಂದು ಮಾತು. ‘ಬಾಂಬೆ ಹೈ’ ಎಂಬಲ್ಲಿಯ ‘ಹೈ’ ಶಬ್ದವನ್ನು ಕೇಳಿದ ವಿದ್ಯಾರ್ಥಿಗಳು ಅದನ್ನು ನಡುಗಡಲೆಂಬ ಅರ್ಥದಲ್ಲಿ ಗ್ರಹಿಸುವುದನ್ನು ನಾವು ಬಲ್ಲೆವು. ವಾಸ್ತವವಾಗಿ ಅದು ಭೂವಿಜ್ಞಾನಿಗಳ ಪರಿಭಾಷೆ. ಸಮುದ್ರತಳದ ಕೆಳಗೆ ಹುದುಗಿರುವ ಶಿಲಾಪದರಗಳು ಒಂದೆಡೆ ದಿಬ್ಬದಂತೆ ಉಬ್ಬಿ ನಿಂತಿದ್ದರೆ ಆ ಉಬ್ಬಿಗೆ ಈ ಹೆಸರು. ಕಡಲ ಮೇಲ್ಮೈಯಲ್ಲಾಗಲಿ ಅದರ ತಳದಲ್ಲಾಗಲಿ ಆ ದಿಬ್ಬದ ಗುರುತೇನೂ ಇಲ್ಲ. ಅಲ್ಲಿ ನೀರಿನ ಆಳ ಸುಮಾರು ೭೫ ಮೀಟರು. ಎಣ್ಣೆಯನ್ನು ಒಳಗೊಂಡ ಸುಣ್ಣಕಲ್ಲಿನ ಮುಖ್ಯ ಪದರವಿರುವುದು ಒಂದು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ. ಎಂದ ಮೇಲೆ ಕ್ಷೇತ್ರಕ್ಕೆ ಇಟ್ಟ ಹೆಸರೇ ಸಮೀಕ್ಷೆಯ ಕೊಡುಗೆ. ಬಾವಿ ಹುಟ್ಟುವ ಮುನ್ನವೇ ಆ ಹೆಸರು ಹುಟ್ಟಿತ್ತು. ಮಹಾನಗರದ ಹೆಸರು ೧೯೯೫ರಲ್ಲಿ ಬದಲಾದ ತರುವಾಯ ಕ್ಷೇತ್ರವನ್ನು ‘ಮುಂಬಯಿ ಹೈ’ ಎಂದು ಕರೆಯುವ ರೂಢಿ ಬಂದಿದೆಯಾದರೂ, ಚರ್ಚಿಸುತ್ತಿರುವ ಕಾಲಕ್ಕೆ ಅನುಗುಣವಾಗಿ ನಾವು ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದೇವೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದ ತೈಲವೆಂದರೆ ಅಸ್ಸಾಮಿನ ದಿಗ್ಬೋಯಿಯ ತೈಲ; ಅದು ದೇಶದ ಬಳಕೆಯ ಅಲ್ಪಾಂಶವನ್ನು ಮಾತ್ರ ಪೂರೈಸುತ್ತಿತ್ತು. ಹುಡುಕುವ ವಿದ್ಯೆಯೂ ಅದಕ್ಕೆ ಬೇಕಾದ ಯಂತ್ರಗಳೂ ಪಾಶ್ಚಾತ್ಯ ಕಂಪೆನಿಗಳ ಕೈಯಲ್ಲಿದ್ದುವು. ೧೯೫೩ರಲ್ಲಿ ಸರ್ಕಾರವು ಸ್ಟಾಂಡರ್ಡ್ ವ್ಯಾಕ್ಯೂಂ ಕಂಪೆನಿಯೊಡನೆ ಪಶ್ಚಿಮ ಬಂಗಾಳದಲ್ಲಿ ತೈಲಾನ್ವೇಷಣೆ ನಡೆಸಲು ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಸರ್ಕಾರದ ಪಾಲು ನೂರಕ್ಕೆ ೨೫. ವಿಮಾನದಿಂದ ಅಯಸ್ಕಾಂತ ಸಮೀಕ್ಷೆ ನಡೆಯಿತು, ನೆಲದ ಮೇಲೆ ಕಂಪನ ಸಮೀಕ್ಷೆ ನಡೆಯಿತು, ಬಾವಿಗಳನ್ನು ತೋಡಿದ್ದಾಯಿತು, ಎಣ್ಣೆ ಸಿಕ್ಕಲಿಲ್ಲ. ೧೯೬೦ರ ಹೊತ್ತಿಗೆ ಆ ಯೋಜನೆ ಮುಗಿಯಿತು. ಈ ಅನುಭವದಿಂದ ದೆಹಲಿಯ ಅಧಿಕಾರವರ್ಗದಲ್ಲಿ ಎರಡು ಅಭಿಪ್ರಾಯಗಳಿಗೆ ಎಡೆಯಾಯಿತು. ಭಾರತದಲ್ಲಿ ಹೇಳಿಕೊಳ್ಳುವಂತಹ ತೈಲವಿಲ್ಲವೆಂಬುದು ಒಂದು. ತೈಲವನ್ನು ಆಮದು ಮಾಡಿ ಮಾರುವವರೇ ಅದನ್ನು ಹುಡುಕುವವರೂ ಆದರೆ ಹುಡುಕುವ ಆತುರ ಅಷ್ಟಕ್ಕಷ್ಟೇ ಎಂಬುದು ಇನ್ನೊಂದು. ಎರಡನೆಯ ಅಭಿಪ್ರಾಯದ ಪ್ರಬಲ ವಕ್ತಾರರಾಗಿದ್ದವರು ಕೇಶವದೇವ ಮಾಳವೀಯರು.

ಮಾಳವೀಯರ ಒತ್ತಾಸೆಯಿಂದ ೧೯೫೫ರಲ್ಲಿ ಸರ್ಕಾರದ್ದೇ ಆದ ತೈಲಾನ್ವೇಷಣ ಶಾಖೆಯೊಂದು ಏರ್ಪಟ್ಟಿತು. ಅದು ೧೯೫೬ರ ಆಗಸ್ಟ್ ತಿಂಗಳಿನಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವೆಂಬ ರೂಪವನ್ನು ತಳೆದು, ೧೯೫೯ರಲ್ಲಿ ಸಂಸತ್ತಿನ ಅಧಿನಿಯಮದ ಮೂಲಕ ಶಾಸನಬದ್ಧ ಸಂಸ್ಥೆಯಾಯಿತು. ಅದರ ಮುಖ್ಯ ಕಚೇರಿ ಡೆಹರಾಡೂನಿನಲ್ಲಿ ಸ್ಥಾಪಿತವಾಯಿತು. ಇದೇ ಅವಧಿಯಲ್ಲಿ ಕಲಿನಿನ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಬಂದ ಸೋವಿಯತ್ ತಜ್ಞರ ತಂಡವು ದೇಶವನ್ನು ಸುತ್ತಿ, ಇಲ್ಲಿ ತೈಲವಿರಲು ಅವಕಾಶವುಂಟೆಂದು ವರದಿ ಮಾಡಿತು. ೧೯೫೮ರಲ್ಲಿ ಗುಜರಾತಿನ ಖಂಭಾತಿನಲ್ಲಿ ಎಣ್ಣೆ ಕಂಡಿತು, ೧೯೬೦ರಲ್ಲಿ ಅಂಕಲೇಶ್ವರದಲ್ಲಿ ಇನ್ನೂ ಹೇರಳವಾಗಿ ಕಂಡಿತು. ಖಂಭಾತ್ ಕೊಲ್ಲಿಯ ತಲೆಯ ಕಡೆಯೊಂದು, ಅದರ ಪೂರ್ವ ದಡದ ಬಳಿಯೊಂದು. ನೆಲದ ಮೇಲೆ ಎರಡೂ ಕಡೆ ಎಣ್ಣೆಯಿರುವ ಪದರಗಳು ನೀರಿನಂಚಿಗೆ ಬಂದು ಥಟ್ಟನೆ ನಿಂತುಬಿಡಲಾರವು. ಕಡಲಿಗಿಳಿಯಬೇಕೆಂಬ ಆಲೋಚನೆ ಹುಟ್ಟಿದುದು ಈ ಸರಳವಾದ ತರ್ಕದಿಂದ.

ಆದರೆ ಕಡಲು ಯಾರದು? ಈ ಪ್ರಶ್ನೆಯನ್ನು ತೈಲದ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ಎತ್ತುವುದಿಲ್ಲ. ೧೯೫೬ರಿಂದ ೧೯೬೭ರವರೆಗೆ ಭಾರತದ ಪ್ರಾದೇಶಿಕ ಸಮುದ್ರವು ದಡದಿಂದ ೬ ನಾವಿಕ ಮೈಲಿಗಳಷ್ಟು ಮಾತ್ರವಿತ್ತು. ೧೯೬೭ರಲ್ಲಿ ಅದು ೧೨ಕ್ಕೆ ಏರಿತು. ಬಾಂಬೆ ಹೈ ಇರುವುದು ೮೬ ನಾವಿಕ ಮೈಲಿಗಳ ಆಚೆ. ಅಷ್ಟು ದೂರದ ಸಮುದ್ರತಳದ ಮೇಲೆ ಹಕ್ಕು ಹೇಳುವುದಕ್ಕೆ ಹೊಸದೊಂದು ಆಧಾರ ಬೇಕಾಗಿತ್ತು. ೧೯೪೫ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ದೇಶದ ತೀರಕ್ಕೆ ಅಂಟಿಕೊಂಡಿರುವ ಖಂಡಾವರಣ ಪ್ರದೇಶದ ಸಂಪತ್ತು ತಮ್ಮದೆಂದು ಘೋಷಿಸಿದರು. ಅನೇಕ ದೇಶಗಳು ಅದನ್ನು ಅನುಸರಿಸಿದುವು. ಭಾರತದ ರಾಷ್ಟ್ರಪತಿಗಳ ಘೋಷಣೆ ಹೊರಟುದು ೧೯೫೫ರ ಆಗಸ್ಟ್ ೩೦ರಂದು, ಎಂದರೆ ತೈಲಾನ್ವೇಷಣ ಶಾಖೆ ಹುಟ್ಟಿದ ವರ್ಷದಲ್ಲಿಯೇ. ೧೯೫೮ರ ಜಿನೀವಾ ಒಡಂಬಡಿಕೆಯು ೨೦೦ ಮೀಟರು ಆಳದವರೆಗಿನ, ಅಥವಾ ಅದರಾಚೆಯೂ ಸಂಪತ್ತನ್ನು ತೆಗೆಯಲು ಸಾಧ್ಯವಾಗುವಷ್ಟು ಆಳದವರೆಗಿನ ಸಮುದ್ರತಳದ ಮೇಲೆ ತೀರದ ದೇಶಕ್ಕೆ ಹಕ್ಕುಂಟೆಂದು ಹೇಳಿತು. ಅದು ಜಾರಿಗೆ ಬಂದುದು ೧೯೬೪ರಲ್ಲಿ. ಅದಕ್ಕೆ ಹಿಂದಿನ ವರ್ಷ, ೧೯೬೩ರಲ್ಲಿ, ನಮ್ಮ ಸಂವಿಧಾನದ ಹದಿನೈದನೆಯ ತಿದ್ದುಪಡಿಯ ಮೂಲಕ ೨೯೭ನೆಯ ಅನುಚ್ಛೇದದಲ್ಲಿ ಖಂಡಾವರಣ ಪ್ರದೇಶವನ್ನು ಸ್ಪಷ್ಟವಾಗಿ ಸೇರಿಸಲಾಯಿತು. ಈ ವರ್ಷಗಳನ್ನು ಸಾಲಾಗಿಟ್ಟು ನೋಡಿದರೆ, ನೌಕೆಯು ಕೆಲಸಕ್ಕೆ ತೊಡಗುವ ಹೊತ್ತಿಗೆ ಅದು ಅಳೆಯಲಿದ್ದ ನೆಲವು ಕಾಗದದ ಮೇಲೆ ನಮ್ಮದಾಗಿತ್ತೆಂಬುದು ತಿಳಿಯುತ್ತದೆ. ಮುಂಬಯಿಯ ಎದುರಿಗೆ ಖಂಡಾವರಣ ಪ್ರದೇಶವು ಸುಮಾರು ೩೦೦ ಕಿಲೋಮೀಟರುಗಳಷ್ಟು ಅಗಲವಾಗಿದ್ದು ದಕ್ಷಿಣಕ್ಕೆ ಬಂದಂತೆ ಕಿರಿದಾಗುತ್ತದೆ.

ಇನ್ನು ಸಮೀಕ್ಷೆಯ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕಂಪನ ಸಮೀಕ್ಷೆಯ ಮೂಲತತ್ತ್ವವು ಪ್ರತಿಧ್ವನಿ. ಬಾವಿಯೊಳಕ್ಕೆ ಕೂಗಿದವನು ಮಾರ್ದನಿ ಬರುವಷ್ಟರಲ್ಲಿ ಕಳೆದ ಕಾಲದಿಂದ ನೀರಿನ ಆಳವನ್ನು ಅಂದಾಜು ಮಾಡಬಹುದಷ್ಟೆ. ಹಾಗೆಯೇ ನೆಲದಲ್ಲಿ ಸಿಡಿಮದ್ದನ್ನು ಸಿಡಿಸಿದರೆ ಅದರ ಕಂಪನವು ಕೆಳಗಿಳಿದು, ಒಂದು ಬಗೆಯ ಶಿಲೆ ಮುಗಿದು ಇನ್ನೊಂದು ಬಗೆಯದು ಮೊದಲಾಗುವ ಎಡೆಗಳಲ್ಲಿ ಪ್ರತಿಫಲಿಸಿ ಮೇಲಕ್ಕೆ ಬರುತ್ತದೆ. ಜರ್ಮನಿಯ ಮಿಂಟ್ರೋಪ್ ೧೯೧೯ರಲ್ಲಿ ಕಂಪನವಿಧಾನಕ್ಕೆ ಸ್ವಾಮ್ಯ ಪಡೆಯಲು ಮುಂದಾದನು. ೧೯೨೧ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಕಾರ್ಚರ್ ಮತ್ತು ಅವನ ಸಂಗಡಿಗರು ಪ್ರತಿಫಲನ ವಿಧಾನವನ್ನು ಪ್ರಯೋಗಿಸಿದರು. ೧೯೩೫ರಲ್ಲಿ ಮಾರಿಸ್ ಯೂಯಿಂಗ್ ಅಟ್ಲಾಂಟಿಕ್ ತೀರದಲ್ಲಿ ಇಂತಹ ಅಳತೆಗಳನ್ನು ಕಡಲಿಗೂ ಒಯ್ದನು. ಕಡಲಿನಲ್ಲಿ ಕಂಪನವನ್ನು ಕೇಳಿಸಿಕೊಳ್ಳುವ ಕಿವಿಗಳು, ಎಂದರೆ ಹೈಡ್ರೋಫೋನುಗಳು, ನೌಕೆಯ ಹಿಂದೆ ತೇಲುತ್ತ ಬರುವ ಉದ್ದನೆಯ ಕೊಳವೆಯೊಂದರಲ್ಲಿ ಹುದುಗಿರುತ್ತವೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೧೫೦೦ ಮೀಟರು. ೭೫ ಮೀಟರು ಆಳದ ಕಡಲತಳದಿಂದ ಮಾರ್ದನಿ ಹಿಂದಿರುಗಲು ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಬಾಂಬೆ ಹೈಯಲ್ಲಿ ಎಣ್ಣೆಯಿರುವ ಪದರದಿಂದ ಅದು ಬರಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ದಿಬ್ಬದ ಇಡೀ ವೃತ್ತಾಂತವು ಇಷ್ಟು ಅಲ್ಪಕಾಲದಲ್ಲಿ ಕಾಗದದ ಮೇಲೆ ನಡುಗುವ ಗೆರೆಗಳಾಗಿ ಮೂಡುತ್ತದೆ.

ಆ ಗೆರೆಗಳು ತಮ್ಮಷ್ಟಕ್ಕೆ ಏನನ್ನೂ ಹೇಳುವುದಿಲ್ಲ. ಇದನ್ನು ನಮ್ಮ ಓದುಗರಿಗೆ ತಿಳಿಯಹೇಳಲು ಶಾಸನದ ಹೋಲಿಕೆಯೇ ಸರಿಯಾದುದು. ಬಂಡೆಯ ಮೇಲಣ ಬರಹಕ್ಕೆ ಪಡಿಯಚ್ಚು ತೆಗೆಯುವವನು ಒಬ್ಬ, ಅದನ್ನು ಓದುವವನು ಮತ್ತೊಬ್ಬ. ಅಕ್ಷರ ಸವೆದ ಕಡೆ ಇಬ್ಬರು ವಿದ್ವಾಂಸರು ಎರಡು ಪಾಠಗಳನ್ನು ಕೊಡುವುದು ನಮಗೆ ನಿತ್ಯಪರಿಚಿತ. ಕಂಪನ ಸಮೀಕ್ಷೆಯಲ್ಲಿಯೂ ಹೀಗೆಯೇ. ನೌಕೆಯು ಪಡಿಯಚ್ಚನ್ನು ತೆಗೆಯುತ್ತದೆ. ದಡದ ಮೇಲೆ ಅದರ ವಾಚನ ನಡೆಯಬೇಕು. ಓದುವುದಕ್ಕೆ ಅಡ್ಡಿಗಳೂ ಹಲವು. ಮಾರ್ದನಿಯು ಕಡಲತಳಕ್ಕೂ ನೀರಿನ ಮೇಲ್ಮೈಗೂ ನಡುವೆ ಚೆಂಡಿನಂತೆ ಪುಟಿದು, ಹತ್ತನೆಯ ಒಂದು ಸೆಕೆಂಡಿಗೊಮ್ಮೆ ಇಲ್ಲದ ಪದರಗಳನ್ನು ಇರುವಂತೆ ತೋರಿಸುತ್ತದೆ. ಇದು ಲಿಪಿಕಾರನು ಒಂದೇ ಸಾಲನ್ನು ಮತ್ತೆ ಮತ್ತೆ ಕೆತ್ತಿದಂತೆ. ಇನ್ನೂ ಕೆಳಗೆ ಹೋದರೆ ದಖನ್ನಿನ ಅಗ್ನಿಶಿಲೆ. ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿಗಳ ಕಪ್ಪುಮಣ್ಣಿಗೆ ತಾಯಿಯಾದ ಕರಿಗಲ್ಲು ಯಾವುದೋ, ಸುಮಾರು ೬೬೦ ಲಕ್ಷ ವರ್ಷಗಳ ಹಿಂದೆ ಹರಿದ ಅದೇ ಲಾವಾ ಪ್ರವಾಹದ ಕಲ್ಲು ಮುಂಬಯಿಯ ಕಡಲಿನ ಕೆಳಗೂ ಹಾಸಿಕೊಂಡಿದೆ. ಎಣ್ಣೆಯುಳ್ಳ ಪದರಗಳು ಅದರ ಮೇಲೆ ತರುವಾಯ ಸಂಚಿತವಾದುವು. ಈ ಕರಿಗಲ್ಲು ಕಂಪನವನ್ನು ಬಲವಾಗಿ ಹಿಂದಕ್ಕೆ ತಳ್ಳುವುದರಿಂದ ಅದರ ಕೆಳಗೇನಿದೆ ಎಂದು ನೋಡುವುದು ಬಹು ಕಷ್ಟ; ಮೇಲಣ ಪದರಗಳಿಗೆ ಮಾತ್ರ ಅದು ಒಳ್ಳೆಯ ಅಡಿಗೆರೆಯಾಗಿ ಒದಗುತ್ತದೆ.

ಇಂತಹ ಕಾರ್ಯಕ್ಕೆ ಸೋವಿಯತ್ ನೌಕೆಯೇ ಏಕೆ ಬಂತು? ರಾಜಕೀಯ ಸ್ನೇಹವೆಂದು ಒಂದೇ ಮಾತಿನಲ್ಲಿ ಉತ್ತರ ಹೇಳುವುದುಂಟು. ಸ್ನೇಹವಿದ್ದುದು ನಿಜವಾದರೂ ಅದು ಅರ್ಧ ಉತ್ತರ. ಕಡಲಿನ ಕೆಳಗಣ ತೈಲದಲ್ಲಿ ಸೋವಿಯತ್ ಒಕ್ಕೂಟಕ್ಕೆ ಸ್ವತಂತ್ರವಾದ ಅನುಭವವಿತ್ತು. ಬಾಕು ನಗರದ ಎದುರಿಗೆ ಕ್ಯಾಸ್ಪಿಯನ್ ಸಮುದ್ರದ ನಡುವೆ, ‘ತೈಲದ ಬಂಡೆಗಳು’ ಎಂದು ಹೆಸರಾದ ಕ್ಷೇತ್ರದಲ್ಲಿ, ೧೯೪೯ರ ನವೆಂಬರಿನಲ್ಲಿಯೇ ಅವರು ಎಣ್ಣೆಯನ್ನು ತೆಗೆದಿದ್ದರು. ಕಂಬಗಳ ಮೇಲೆ ನಿಂತ ಊರೊಂದು ಅಲ್ಲಿ ಬೆಳೆಯಿತು. ಬಾಕುವಿಗೆ ಹೋಗಿ ತರಬೇತಿ ಪಡೆದು ಬಂದ ಭಾರತೀಯರೂ ಆಯೋಗದಲ್ಲಿದ್ದರು. ನೌಕೆಗೆ ಹೆಸರು ಕೊಟ್ಟ ಅಂದ್ರೆಯ್ ಅರ್ಖಾಂಗೆಲ್ಸ್ಕಿ ೧೯೪೦ರಲ್ಲಿ ತೀರಿಕೊಂಡ ಖ್ಯಾತ ಭೂವಿಜ್ಞಾನಿ. ಪಾಶ್ಚಾತ್ಯ ಕಂಪೆನಿಗಳೊಡನೆ ಕೆಲಸ ಮಾಡುವುದಕ್ಕೂ ಇದಕ್ಕೂ ಇದ್ದ ಮುಖ್ಯ ಅಂತರವನ್ನು ನಾವು ಬೇರೆಯದೊಂದು ಕಡೆ ಕಾಣುತ್ತೇವೆ. ಬಂಗಾಳದಲ್ಲಿ ಕಂಪೆನಿಯು ಮುಕ್ಕಾಲು ಪಾಲಿನ ಒಡೆಯನಾಗಿತ್ತು. ಹುಡುಕುವುದನ್ನು ನಿಲ್ಲಿಸುವ ನಿರ್ಧಾರದಲ್ಲಿಯೂ ಅದರದೇ ಮೇಲುಗೈ. ಖಂಭಾತ್ ಕೊಲ್ಲಿಯಲ್ಲಿ ನೌಕೆ ಪರದೇಶದ್ದು, ತಜ್ಞರು ಎರಡೂ ದೇಶದವರು, ಆದರೆ ಕೆಲಸ ಆಯೋಗದ್ದು. ಪಡಿಯಚ್ಚು ಮನೆಯಲ್ಲಿಯೇ ಉಳಿಯಿತು.

ಕೆಲಸವನ್ನು ನಡೆಸುವ ಬಗೆಯಾದರೋ ಸಾಮಾನ್ಯವಾದುದಲ್ಲ. ನೈರುತ್ಯ ಮಾರುತವು ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಸಮುದ್ರವನ್ನು ಕದಡಿಬಿಡುತ್ತದೆ. ಅಲೆಯ ಸದ್ದಿನಲ್ಲಿ ಮಾರ್ದನಿಯ ಸದ್ದು ಅಡಗಿಹೋಗುವುದರಿಂದ ಆ ನಾಲ್ಕು ತಿಂಗಳು ಕೈಕಟ್ಟಿ ಕುಳಿತಿರಬೇಕು. ಆದಕಾರಣ ಇಂತಹ ಸಮೀಕ್ಷೆಯ ವರ್ಷವೆಂದರೆ ಎಂಟು ತಿಂಗಳ ವರ್ಷ. ಯಂತ್ರ ಕೆಟ್ಟು ಕಳೆದ ದಿನಗಳು ಅದರಲ್ಲಿಯೇ ಸಲ್ಲಬೇಕು. ಕೊಲ್ಲಿಯ ಒಳಗೆ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಉಬ್ಬರದ ಏರಿಳಿತವು ೧೦ ಮೀಟರುಗಳನ್ನು ಮುಟ್ಟುವುದುಂಟು. ಪ್ರವಾಹದ ಸೆಳೆತವು ನೌಕೆಯ ಹಿಂದಣ ಉದ್ದನೆಯ ಕೊಳವೆಯನ್ನು ಪಕ್ಕಕ್ಕೆ ಎಳೆದು ಬಾಗಿಸುತ್ತದೆ. ಮರಳದಿಣ್ಣೆಗಳು ಜಾಗ ಬದಲಿಸುತ್ತಿರುತ್ತವೆ. (ಇದೇ ಕೊಲ್ಲಿಯ ತಲೆಯಲ್ಲಿರುವ ಲೋಥಲಿನಲ್ಲಿ, ೧೯೫೫ರಿಂದ ಮುಂದಿನ ಕೆಲವು ವರ್ಷಗಳಲ್ಲಿ, ನಮ್ಮ ನಾಡಿನವರೇ ಆದ ಶ್ರೀ ಎಸ್. ಆರ್. ರಾವ್ ಅವರು ಉತ್ಖನನ ನಡೆಸಿ, ಹರಪ್ಪದ ಜನ ಈ ಉಬ್ಬರವನ್ನೇ ನಂಬಿ ಹಡಗುಕಟ್ಟೆಯನ್ನು ಕಟ್ಟಿದ್ದರೆಂದು ಪ್ರತಿಪಾದಿಸಿದರು. ಒಂದೇ ತೀರದ ಮಣ್ಣನ್ನು ಪ್ರಾಕ್ತನಶಾಸ್ತ್ರವೂ ತೈಲಾನ್ವೇಷಣೆಯೂ ಒಂದೇ ದಶಕದಲ್ಲಿ ಕೆದಕುತ್ತಿದ್ದುವೆಂಬುದು ಕುತೂಹಲಕರವಾದ ಸಂಗತಿ.)

ಮೀನುಗಾರರ ವಿಷಯವನ್ನು ಮರೆಯುವಂತಿಲ್ಲ. ಮುಂಬಯಿ ಮತ್ತು ಗುಜರಾತಿನ ತೀರಗಳಲ್ಲಿ ಬೊಂಬಿಲ್ ಮೀನನ್ನು ಹಿಡಿಯುವವರು ‘ಡೋಲ್’ ಎಂಬ ಚೀಲದಂತಹ ಬಲೆಗಳನ್ನು ಉಬ್ಬರದ ಸೆಳೆತಕ್ಕೆ ಎದುರಾಗಿ ಒಂದೆಡೆ ಬಿಗಿದು ನಿಲ್ಲಿಸುತ್ತಾರೆ. ಸಮೀಕ್ಷಾ ನೌಕೆಯ ಕೆಲಸವೋ, ನೇರವಾದ ಗೆರೆಯೊಂದರ ಮೇಲೆ ಎಡೆಬಿಡದೆ ಸಾಗುವುದು. ಅದು ಬಲೆಯನ್ನು ತಪ್ಪಿಸಲು ಹೊರಳಿದರೆ ಗೆರೆ ಕೆಡುತ್ತದೆ, ಹೊರಳದಿದ್ದರೆ ಬಲೆ ಹರಿಯುತ್ತದೆ, ಕೊಳವೆಯೂ ತುಂಡಾಗುತ್ತದೆ. ೧೯೬೦ರ ದಶಕದಲ್ಲಿ ಕಡಲ ಸಮೀಕ್ಷೆಗಳಿಗೆ ಸಿಡಿಮದ್ದೇ ಸಾಮಾನ್ಯ ಸಾಧನವಾಗಿತ್ತು. ಒತ್ತಿದ ಗಾಳಿಯಿಂದ ಕಂಪನವೆಬ್ಬಿಸುವ ಯಂತ್ರಗಳು ಆಗತಾನೆ ಬಳಕೆಗೆ ಬರುತ್ತಿದ್ದುವು. ಸಿಡಿಮದ್ದು ಸುತ್ತಣ ಮೀನುಗಳನ್ನು ಕೊಲ್ಲುತ್ತದೆಂಬುದನ್ನು ಯಾರೂ ಅಲ್ಲಗಳೆದಿಲ್ಲ. ತೈಲದ ಇತಿಹಾಸಗಳಲ್ಲಿ ಮಂತ್ರಿಗಳೂ ವಿಜ್ಞಾನಿಗಳೂ ಕಾಣಿಸಿಕೊಳ್ಳುವಷ್ಟು ಸುಲಭವಾಗಿ ಕೋಳಿಯರ ದೋಣಿಗಳು ಕಾಣಿಸಿಕೊಳ್ಳುವುದಿಲ್ಲ. ಇದು ಬರಹಗಾರರ ಕೊರತೆ.

ಸ್ಥಾನನಿರ್ಣಯದ ಸಮಸ್ಯೆ ಎಲ್ಲಕ್ಕಿಂತ ದೊಡ್ಡದು. ನೌಕೆಯು ಗಂಟೆಗೆ ೫ ನಾವಿಕ ಮೈಲಿಯಂತೆ ಸಾಗುವುದೆಂದು ಹಿಡಿದರೂ ೧೦೦ ಕಿಲೋಮೀಟರು ಉದ್ದದ ಒಂದು ಗೆರೆಗೆ ಸುಮಾರು ೧೧ ಗಂಟೆಗಳು ಬೇಕು. ಅಷ್ಟು ಹೊತ್ತೂ ಪ್ರತಿಯೊಂದು ಸಿಡಿತವೂ ಭೂಪಟದ ಯಾವ ಬಿಂದುವಿನಲ್ಲಿ ಆಯಿತೆಂದು ಬರೆದಿಡಬೇಕು. ದಡ ಕಣ್ಣಿಗೆ ಬೀಳದ ಕಡೆ ಸೂರ್ಯನಕ್ಷತ್ರಗಳನ್ನು ನೋಡಿ ನಾವಿಕನು ಹೇಳುವ ಸ್ಥಾನದಲ್ಲಿ ಒಂದೆರಡು ಮೈಲಿಗಳ ತಪ್ಪು ಸಹಜ. ದಡದ ಮೇಲೆ ರೇಡಿಯೋ ನಿಲಯಗಳನ್ನು ನಿಲ್ಲಿಸಿ ಅವುಗಳ ಅಲೆಗಳಿಂದ ಸ್ಥಾನವನ್ನು ಗುಣಿಸುವ ಪದ್ಧತಿಗಳು ಆಗ ಇದ್ದುವು. ದೂರ ಹೋದಂತೆ, ರಾತ್ರಿಯಾದಂತೆ, ಅವುಗಳ ನಿಷ್ಕೃಷ್ಟತೆ ಕುಗ್ಗುತ್ತಿತ್ತು. ಅಮೆರಿಕದ ಸಂಚಾರ ಉಪಗ್ರಹಗಳ ನೆರವು ನಾಗರಿಕ ನೌಕೆಗಳಿಗೆ ದೊರೆತುದು ೧೯೬೭ರಲ್ಲಿ. ಇಲ್ಲಿ ನಮಗೆ ತೋರುವುದನ್ನು ಹೇಳಬಹುದಾದರೆ, ಬಾಂಬೆ ಹೈಯ ಗಾತ್ರವೇ ಸಮೀಕ್ಷಕರಿಗೆ ಒಲಿದು ಬಂತು. ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾಗಿ ಹರಡಿಕೊಂಡ ದಿಬ್ಬವು ಮೈಲಿಯ ತಪ್ಪಿಗೆ ತಪ್ಪಿಸಿಕೊಳ್ಳುವಂತಹುದಲ್ಲ. ದೂರದೂರ ಎಳೆದ ಗೆರೆಗಳ ಬಲೆಯಲ್ಲಿಯೂ ಅದು ಸಿಕ್ಕಿಬೀಳಲೇಬೇಕಾಗಿತ್ತು. ಇದೇ ಪಕ್ಷದಲ್ಲಿ ಚಿಕ್ಕ ದಿಬ್ಬವೊಂದಿದ್ದಿದ್ದರೆ ೧೯೬೫ರ ಸಾಧನಗಳಿಗೆ ಅದು ಜಾರಿಹೋಗುತ್ತಿದ್ದಿತೆಂದು ಊಹಿಸಲವಕಾಶವಿದೆ.

ದಿಬ್ಬವನ್ನು ಗುರುತಿಸಿದುದು ೧೯೬೫ರ ಸಮೀಕ್ಷೆಯ ಗೆರೆಗಳನ್ನು ಓದುವಾಗ. ಆ ವಾಚನವು ಮುಂಬಯಿಯ ಪೆಡ್ಡರ್ ರಸ್ತೆಯ ಕಟ್ಟಡವೊಂದರಲ್ಲಿ ನಡೆಯಿತೆಂಬ ಮಾತು ಪ್ರಚಲಿತವಾಗಿದೆ. ಕೊಲ್ಲಿಯಲ್ಲಿ ನೆಲದ ತೈಲಕ್ಷೇತ್ರಗಳ ಮುಂದುವರಿಕೆಯನ್ನು ಹುಡುಕಹೊರಟವರಿಗೆ ಅದರ ಹೊರಗಣ ತೆರೆದ ಸಮುದ್ರದಲ್ಲಿ ಇದು ಕಂಡಿತು. ಇಲ್ಲಿ ಎರಡು ಭಾಷೆಗಳ ಸಂಗತಿಯೂ ಬರುತ್ತದೆ. ರಷ್ಯನ್ ಭಾಷೆಯಲ್ಲಿ ಯೋಚಿಸುವವರೂ ಇಂಗ್ಲಿಷಿನಲ್ಲಿ ಬರೆಯುವವರೂ ಒಂದೇ ಕಾಗದದ ಸುರುಳಿಯ ಮೇಲೆ ಬಗ್ಗಿ, ಈ ಗೆರೆಯೂ ಆ ಗೆರೆಯೂ ಒಂದೇ ಪದರವೆಂದು ಒಪ್ಪಬೇಕಾಗಿತ್ತು. ಕಂಪನ ಸಮೀಕ್ಷೆಯಲ್ಲಿ ಹೀಗೆ ಒಪ್ಪುವುದೇ ಶೋಧದ ಕ್ಷಣ. ಅದಕ್ಕೆ ಸಾಕ್ಷಿಯಾಗಿ ಚಿಮ್ಮುವ ಎಣ್ಣೆಯಿಲ್ಲ, ಛಾಯಾಚಿತ್ರವಿಲ್ಲ.

ಈ ಮಾತಿಗೆ ಬಲವಾದ ಆಕ್ಷೇಪವೊಂದುಂಟು, ಅದನ್ನು ಎದುರಿಸದೆ ಮುಂದುವರಿಯುವುದು ನ್ಯಾಯವಲ್ಲ. ಕಂಪನ ಸಮೀಕ್ಷೆಯು ದಿಬ್ಬವನ್ನು ತೋರಿಸುತ್ತದೆಯೇ ಹೊರತು ಎಣ್ಣೆಯನ್ನು ತೋರಿಸುವುದಿಲ್ಲ. ಸುಂದರವಾದ ದಿಬ್ಬಗಳಲ್ಲಿ ಉಪ್ಪುನೀರು ಮಾತ್ರ ಸಿಕ್ಕಿದ ಉದಾಹರಣೆಗಳು ಲೋಕದಲ್ಲಿ ಅಸಂಖ್ಯಾತ. ಬಂಗಾಳದಲ್ಲಿಯೂ ಸಮೀಕ್ಷೆ ನಡೆದಿತ್ತಲ್ಲವೆ? ಆದುದರಿಂದ ೧೯೬೫ರಲ್ಲಿ ತಿಳಿದುದು ಊಹೆ, ೧೯೭೪ರಲ್ಲಿ ತಿಳಿದುದು ಸತ್ಯ ಎಂದು ವಾದಿಸಬಹುದು. ಈ ವಾದದಲ್ಲಿ ಹುರುಳಿದೆ. ಆದರೆ ಊಹೆ ದುರ್ಬಲವಾದುದರಿಂದ ಬಾವಿ ತಡವಾಯಿತೆ ಎಂದು ಕೇಳಿದರೆ, ಅಲ್ಲವೆಂದೇ ಉತ್ತರ ಬರುತ್ತದೆ. ನೆರೆಯ ನೆಲದಲ್ಲಿ ಎಣ್ಣೆ ಹರಿಯುತ್ತಿತ್ತು. ದಿಬ್ಬವು ಗುಜರಾತಿನ ಯಾವ ದಿಬ್ಬಕ್ಕಿಂತಲೂ ಹಿರಿದಾಗಿತ್ತು. ಇಲ್ಲದಿದ್ದುದು ೭೫ ಮೀಟರು ನೀರಿನಲ್ಲಿ ಕಾಲೂರಿ ನಿಂತು ಕೊರೆಯಬಲ್ಲ ಸಾಧನ. ಭಾರತದಲ್ಲಿ ಅದಿರಲಿಲ್ಲ, ಕ್ಯಾಸ್ಪಿಯನ್ನಿನ ಕಂಬದ ಕಟ್ಟಡಗಳೋ ಆಳವಿಲ್ಲದ ನೀರಿಗೆ ಹೊಂದಿದಂತಹುವು. ಆಯೋಗವು ಕಡಲಿನಲ್ಲಿ ತನ್ನ ಮೊದಲನೆಯ ಬಾವಿಯನ್ನು ೧೯೭೦ರಲ್ಲಿ ತೋಡತೊಡಗಿದುದು ಬಾಂಬೆ ಹೈಯಲ್ಲಿ ಅಲ್ಲ, ಕೊಲ್ಲಿಯೊಳಗೆ ಭಾವನಗರದ ಕಡೆ ನೀರು ತೆಳುವಾಗಿದ್ದ ಆಲಿಯಾಬೇಟಿನಲ್ಲಿ, ನೆಟ್ಟ ವೇದಿಕೆಯ ಮೇಲಿಂದ. ಎಲ್ಲಿ ಎಣ್ಣೆಯ ಭರವಸೆ ಹೆಚ್ಚೋ ಅಲ್ಲಿಗೆ ಹೋಗದೆ, ಎಲ್ಲಿ ಕಾಲೂರಲು ಸಾಧ್ಯವೋ ಅಲ್ಲಿಗೆ ಹೋದದ್ದೇ ನಮ್ಮ ವಾದಕ್ಕೆ ಮುಖ್ಯ ಪ್ರಮಾಣ. ಒಂಬತ್ತು ವರ್ಷಗಳ ವಿಳಂಬವು ಜ್ಞಾನದ ಕೊರತೆಯಿಂದಾದುದಲ್ಲ, ಹಣ ಮತ್ತು ಯಂತ್ರದ ಕೊರತೆಯಿಂದಾದುದು.

ಆ ವಿಳಂಬದ ಬೆಲೆ ಏನೆಂಬುದು ೧೯೭೩ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಪಶ್ಚಿಮ ಏಷ್ಯದಲ್ಲಿ ಯುದ್ಧ ಹೊತ್ತಿಕೊಂಡು, ಪೀಪಾಯಿಗೆ ಸುಮಾರು ೩ ಡಾಲರಿದ್ದ ತೈಲದ ಬೆಲೆ ೧೯೭೪ರ ಜನವರಿಯ ಹೊತ್ತಿಗೆ ೧೨ ಡಾಲರುಗಳ ಸಮೀಪಕ್ಕೆ ಏರಿತು. ತನಗೆ ಬೇಕಾದ ತೈಲದ ಸುಮಾರು ಮೂರನೆಯ ಎರಡು ಪಾಲನ್ನು ಹೊರಗಿನಿಂದ ತರುತ್ತಿದ್ದ ದೇಶಕ್ಕೆ ಇದು ಮರ್ಮಾಘಾತ. ಜಪಾನಿನ ಮಿತ್ಸುಬಿಷಿ ಕಾರ್ಖಾನೆಯಲ್ಲಿ ಕಟ್ಟಿಸಿದ ‘ಸಾಗರ್ ಸಮ್ರಾಟ್’ ೧೯೭೩ರಲ್ಲಿಯೇ ಸಿದ್ಧವಾಗಿತ್ತೆಂಬುದನ್ನು ಗಮನಿಸಬೇಕು. ಬೆಲೆ ಏರಿದ ಮೇಲೆ ಭಾರತವು ಕಡಲಿಗಿಳಿಯಿತೆಂದು ಕೆಲವರು ಬರೆಯುವುದು ಕಾಲಕ್ರಮಕ್ಕೆ ಹೊಂದುವುದಿಲ್ಲ. ನೌಕೆಗೆ ಬೇಡಿಕೆ ಸಲ್ಲಿಸಿದುದು ಬಿಕ್ಕಟ್ಟಿಗೆ ಮುನ್ನ. ಅದಕ್ಕೂ ಮುನ್ನ ಭೂಪಟ. ಅದಕ್ಕೂ ಮುನ್ನ ಹಕ್ಕಿನ ಘೋಷಣೆ. ನಡುವಣ ವರ್ಷಗಳಲ್ಲಿ ಇನ್ನೂ ವಿವರವಾದ ಕಡಲ ಸಮೀಕ್ಷೆಯೂ ನಡೆದು ಮೊದಲನೆಯ ವಾಚನವನ್ನು ದೃಢಪಡಿಸಿತ್ತು. ೧೯೭೪ರ ಜನವರಿಯ ಕೊನೆಯಲ್ಲಿ ಕೊರೆಯತೊಡಗಿದ ಬಾವಿಯು ಮೂರು ವಾರಗಳೊಳಗಾಗಿ ಎಣ್ಣೆಯನ್ನು ತೋರಿತು. ಮೊದಲ ಬಾವಿಯಲ್ಲಿಯೇ, ಇಷ್ಟು ಬೇಗನೆ, ಎಣ್ಣೆ ದೊರೆತುದಕ್ಕೆ ಅದೃಷ್ಟವೂ ಸ್ವಲ್ಪ ಕಾರಣವಿರಬಹುದು. ಬಾವಿಯ ಜಾಗವನ್ನು ಆರಿಸಿದವರಿಗೆ ಹೆಚ್ಚಿನ ಪಾಲು ಸಲ್ಲಬೇಕು.

ಹೀಗಾಗಿ ನಾವು ಸೂಚಿಸುವುದು ಇಷ್ಟು. ಬಾಂಬೆ ಹೈಯ ಸಂರಚನೆಯ ಶೋಧಕ್ಕೆ ೧೯೬೫, ಅದರಲ್ಲಿ ಎಣ್ಣೆಯಿರುವುದರ ಸ್ಥಾಪನೆಗೆ ೧೯೭೪ ಎಂದು ಎರಡು ವರ್ಷಗಳನ್ನು ಬೇರೆಬೇರೆಯಾಗಿ ನಮೂದಿಸುವುದು ಯುಕ್ತ. ಶಾಸನವೊಂದು ಪತ್ತೆಯಾದ ವರ್ಷವನ್ನೂ ಪ್ರಕಟವಾದ ವರ್ಷವನ್ನೂ ನಾವು ಬೆರೆಸುವುದಿಲ್ಲವಷ್ಟೆ. ಒಂದೇ ವರ್ಷವನ್ನು ಹೇಳಿದರೆ ಯಂತ್ರವನ್ನು ಕೊಂಡುದು ಮಾತ್ರ ನೆನಪಿನಲ್ಲಿ ಉಳಿದು, ವಿದ್ಯೆಯನ್ನು ಕಲಿತುದು ಮರೆಯಾಗುತ್ತದೆ. ಹತ್ತು ವರ್ಷಗಳ ಕೆಳಗೆ ಕಂಪನ ಸಮೀಕ್ಷೆಯ ಪರಿಚಯವೇ ಅಲ್ಪವಾಗಿದ್ದ ಸಂಸ್ಥೆಯೊಂದು ಪರರ ನೌಕೆಯ ಮೇಲೆ ಸಮಾನರಾಗಿ ನಿಂತು ಕೆಲಸ ಮಾಡುವಷ್ಟು ಬೆಳೆದುದು, ೧೯೬೨ರಲ್ಲಿ ಡೆಹರಾಡೂನಿನಲ್ಲಿ ತನ್ನದೇ ಸಂಶೋಧನ ಮತ್ತು ತರಬೇತಿ ಸಂಸ್ಥೆಯನ್ನು ತೆರೆದುದು, ಇವು ೧೯೭೪ರ ತೇದಿಯಲ್ಲಿ ಕಾಣಿಸುವುದಿಲ್ಲ.

ಕ್ಷೇತ್ರದ ಮುಂದಿನ ಕಥೆ ಪ್ರಸಿದ್ಧವಾಗಿರುವುದರಿಂದ ಅದನ್ನು ವಿಸ್ತರಿಸುವುದಿಲ್ಲ. ೧೯೭೬ರ ಮೇ ೨೧ರಂದು ಉತ್ಪಾದನೆ ಮೊದಲಾಯಿತು; ೧೯೮೦ರ ದಶಕದ ಮಧ್ಯಭಾಗದಲ್ಲಿ ದೇಶದಲ್ಲಿ ಉತ್ಪಾದನೆಯಾದ ಕಚ್ಚಾ ತೈಲದ ಅರ್ಧಕ್ಕಿಂತ ಹೆಚ್ಚು ಭಾಗ ಪಶ್ಚಿಮದ ಕಡಲಿನಿಂದಲೇ ಬಂತು. ೧೯೭೬ರಲ್ಲಿಯೇ ಸಂಸತ್ತು ಸಮುದ್ರವಲಯಗಳ ಅಧಿನಿಯಮವನ್ನು ಅಂಗೀಕರಿಸಿ, ೧೯೫೫ರ ಘೋಷಣೆಯಿಂದ ಮೊದಲಾದ ಹಕ್ಕಿನ ವಿಷಯಕ್ಕೆ ನಿಶ್ಚಿತ ರೂಪವನ್ನು ಕೊಟ್ಟಿತು. ೧೯೯೬ರಲ್ಲಿ ಮಂಗಳೂರಿನಲ್ಲಿ ಕೆಲಸಕ್ಕೆ ತೊಡಗಿದ ತೈಲ ಶುದ್ಧೀಕರಣಾಗಾರಕ್ಕೂ ಈ ಕ್ಷೇತ್ರದ ತೈಲ ಬಂದಿದೆ.

ಆಧಾರಗಳ ವಿಷಯ ಉಳಿಯಿತು. ದೇಶದ ತೈಲಾನ್ವೇಷಣೆಯ ದತ್ತಾಂಶಗಳನ್ನು ಒಂದೆಡೆ ಕೂಡಿಡಲು ೨೦೧೭ರಲ್ಲಿ ರಾಷ್ಟ್ರೀಯ ಭಂಡಾರವೊಂದು ಆರಂಭವಾಗಿದೆ. ಹಳೆಯ ಸಮೀಕ್ಷೆಗಳ ಕಂಪನದ ಗೆರೆಗಳನ್ನು ಗಣಕಯಂತ್ರಗಳ ನೆರವಿನಿಂದ ಮತ್ತೆ ಓದುವುದು ಭೂವಿಜ್ಞಾನಿಗಳ ರೂಢಿ. ಇತಿಹಾಸದ ವಿದ್ಯಾರ್ಥಿಗೆ ಬೇಕಾದುದು ಆ ಗೆರೆಗಳ ಅಂಚಿನಲ್ಲಿದ್ದ ಬರಹ: ನೌಕೆಯ ದಿನಚರಿ, ದಡದ ರೇಡಿಯೋ ನಿಲಯಗಳ ಪುಸ್ತಕ, ಬಂದರಿನ ಅಧಿಕಾರಿಗಳೊಡನೆ ನಡೆದ ಪತ್ರವ್ಯವಹಾರ, ಹರಿದ ಬಲೆಗಳಿಗೆ ಯಾರಾದರೂ ಪರಿಹಾರ ಕೇಳಿದ್ದರೆ ಆ ಅರ್ಜಿ. ಇಂತಹ ಕಾಗದಗಳಿಗೆ ಮರುಬಳಕೆಯ ಬೆಲೆಯಿಲ್ಲ. ಕಚೇರಿ ಸ್ಥಳಾಂತರಗೊಂಡಾಗ ಮೊದಲು ಹೊರಬೀಳುವುವು ಇವೇ. ಆ ನೌಕೆಯಲ್ಲಿದ್ದ ಭಾರತೀಯರಲ್ಲಿ ಉಳಿದಿರುವವರು ಈಗ ಎಂಬತ್ತು ದಾಟಿರುತ್ತಾರೆ. ಸಮೀಕ್ಷೆಯ ಕಾಗದಪತ್ರಗಳ ಒಂದು ಪಾಲು ರಷ್ಯನ್ ಭಾಷೆಯದಾಗಿರಲೇಬೇಕು; ನಮ್ಮ ಇತಿಹಾಸ ವಿಭಾಗಗಳಲ್ಲಿ ಫಾರಸಿ, ಪೋರ್ಚುಗೀಸ್ ಬಲ್ಲವರು ಒಬ್ಬಿಬ್ಬರಾದರೂ ಸಿಗುತ್ತಾರೆ, ರಷ್ಯನ್ ಬಲ್ಲವರು ವಿರಳ. ಈ ವಿಷಯವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಆ ಭಾಷೆಯ ಲಿಪಿಯಿಂದಲೇ ತನ್ನ ಕೆಲಸವನ್ನು ಮೊದಲು ಮಾಡಬೇಕಾಗುತ್ತದೆ.